ನಿಂತ ಇಂಜಿನ್ನಿನ ಪಕ್ಕದಲ್ಲಿ ಪೀರಾ ಸಾಬ್

ನಿಂತುಹೋದ ಯಂತ್ರವನ್ನು ಪೀರಾ ಸಾಬರು ಬಂದ ಕೂಡಲೇ ಬಿಚ್ಚುತ್ತಿರಲಿಲ್ಲ. ಚಪ್ಪಲಿಯನ್ನು ದೂರದಲ್ಲಿ ಬಿಟ್ಟು, ಹೆಗಲ ಚೀಲವನ್ನು ಸದ್ದಾಗದಂತೆ ಇಳಿಸಿ, ಕಾಯಿಲೆಯವರನ್ನು ನೋಡಲು ಬಂದವರು ಮಂಚದ ಅಂಚಿನಲ್ಲಿ ಕೂರುವಂತೆ ಅದರ ಪಕ್ಕದಲ್ಲಿ ಕುಳಿತು, ಬಲಗೈಯನ್ನು ಅದರ ಕಬ್ಬಿಣದ ಹೊಟ್ಟೆಯ ಮೇಲಿಟ್ಟು ಸುಮ್ಮನಾಗುತ್ತಿದ್ದರು. ಅವಸರದ ಗಿರಾಕಿ ಏನಾದರೂ ಕೇಳಿದರೆ, "ತಡಿಯಪ್ಪಾ, ಮಾತಾಡಾಕತ್ತೀವಿ" ಎನ್ನುತ್ತಿದ್ದರು. ಯಂತ್ರ ಆಡುತ್ತಿದ್ದ ಮಾತು ಗಿರಾಕಿಗೆ ಕೇಳಿಸುತ್ತಿರಲಿಲ್ಲ. ಹತ್ತಿರದಲ್ಲಿ ನಿಂತ ನನಗೂ ಕೇಳಿಸಿದ್ದಿಲ್ಲ. ಆದರೆ ಅವರು ತಲೆಯಾಡಿಸುವುದನ್ನು ಕಂಡರೆ ಆ ಕಡೆಯಿಂದ ಯಾರೋ ತಮ್ಮ ಸಂಕಟವನ್ನು ನಿಜವಾಗಿ ಹೇಳಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು.

ಮಾನ್ವಿಯವರು. ಹರೆಯದಲ್ಲಿ ಮುಂಬಯಿಗೆ ಹೋಗಿ, ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವ ಕೆಲಸಕ್ಕೆ ಸೇರಿ, ಗಡ್ಡ ನರೆಯುವವರೆಗೆ ನೀರಿನ ಮೇಲಿದ್ದು, ಕಡೆಗೆ ರಾಯಚೂರಿಗೆ ಬಂದು ತೀನ್ ಕಂದೀಲ್ ವೃತ್ತದ ಹಿಂದಿನ ನಮ್ಮ ಓಣಿಯಲ್ಲಿ ರಿಪೇರಿ ಅಂಗಡಿ ಇಟ್ಟವರು. ಹಡಗನ್ನು ಬಿಟ್ಟರೂ ಹಡಗಿನ ನಡಿಗೆಯನ್ನು ಬಿಟ್ಟಿರಲಿಲ್ಲ. ಎರಡೂ ಪಾದಗಳನ್ನು ಅಗಲಿಸಿ, ನೆಲ ಯಾವ ಗಳಿಗೆಯಲ್ಲಾದರೂ ವಾಲಬಹುದು ಎಂಬ ಎಚ್ಚರದಿಂದ, ಬಿಸಿಲಿಗೆ ಬಿರುಕುಬಿಟ್ಟ ನಮ್ಮ ಓಣಿಯಲ್ಲಿ ಅವರು ನಡೆಯುವುದನ್ನು ನೋಡಲು ಹುಡುಗರು ಆಟ ಬಿಟ್ಟು ನಿಲ್ಲುತ್ತಿದ್ದರು. ಮೈಮೇಲೆ ಸದಾ ಒಂದು ಕಪ್ಪುನೀಲಿ ಉಣ್ಣೆಯ ಕೋಟು. ಅದರ ಹಿತ್ತಾಳೆ ಗುಂಡಿಗಳ ಮೇಲೆ ಲಂಗರಿನ ಚಿತ್ರ. ರಾಯಚೂರಿನ ಬೇಸಿಗೆಯಲ್ಲಿ ಕಲ್ಲೂ ಅಂಗಿ ಕಳಚಬೇಕೆನ್ನುವ ಹೊತ್ತಿನಲ್ಲಿ ಈ ಕೋಟನ್ನು ತೊಟ್ಟು ಬಂದವರನ್ನು ನಾನೊಮ್ಮೆ, "ಬೆವರು ಬರಂಗಿಲ್ಲೇನ್ರಿ?" ಎಂದು ಕೇಳಿದೆ.

"ಬರ್ತದ ತಂಗೆವ್ವ. ಒಳಗ ಇರ್ತದ, ಹೊರಗ ಬರಾಕ ದಾರಿಯಿಲ್ಲ" ಎಂದು ಗಂಭೀರವಾಗಿ ಹೇಳಿದ್ದರು.

ನನ್ನ ಸಂಜೆಯ ಲಿಂಗಪೂಜೆ ಮುಗಿಯುವಷ್ಟರಲ್ಲಿ ಅವರ ನಮಾಜೂ ಮುಗಿದಿರುತ್ತಿತ್ತು. ಆಮೇಲೆ ನಮ್ಮ ಕಟ್ಟೆಯ ಮೇಲೆ ಚಹಾ. ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಕೇಳುವುದು ನನಗೆ ಮೊದಲಿನಿಂದಲೂ ಒಗ್ಗಿದ ಕೆಲಸ. ಹಿರೇಕೊಟ್ನೆಕಲ್ಲಿನ ಹಿಟ್ಟಿನ ಗಿರಣಿಯ ಕನಕರಾಯನ ಕಥೆಯನ್ನು ಹಾಗೆಯೇ ಕೇಳಿದ್ದು. ನಿಂತ ಇಂಜಿನ್ನಿಗೆ ಸಿಟ್ಟಿನಿಂದ ಆತ ಕಾಲಿನಲ್ಲಿ ಒದ್ದನಂತೆ. ಪೀರಾ ಸಾಬರು ಚೀಲವನ್ನು ಹೆಗಲಿಗೇರಿಸಿ ಬಸ್ಸಿನ ಕಡೆಗೆ ಹೊರಟೇಬಿಟ್ಟರಂತೆ.

"ಸಾಬ್ರೇ, ಕಬ್ಬಿಣಕ್ಕ ನೋವಾಗ್ತದೇನ್ರಿ?" ಎಂದು ಆತ ಬೆನ್ನು ಹತ್ತಿದ.

"ಕಬ್ಬಿಣಕ್ಕ ಆಗಂಗಿಲ್ಲ ಮಾರಾಯ. ನನಗ ಆಗ್ತದ."

ಕನಕರಾಯ ಕೈಮುಗಿದು ಕರೆತಂದ ಮೇಲೆ ನೋಡಿದರೆ, ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಇಲಿ ಗೂಡು ಕಟ್ಟಿತ್ತು. ಮರಿಗಳನ್ನು ಕೋಟಿನ ಜೇಬಿನಲ್ಲಿ ಹಾಕಿಕೊಂಡು ಹೊಲದ ಬದುವಿಗೆ ಬಿಟ್ಟು ಬಂದು ಆಮೇಲೆ ಇಂಜಿನ್ ಶುರು ಮಾಡಿದರಂತೆ. ತಡವಾಯಿತೆಂದು ಜೋಳ ಹೊತ್ತು ಕಾದಿದ್ದ ಹೆಂಗಸರು ಬೈದದ್ದನ್ನು ಅವರು ಬೈದ ಧಾಟಿಯಲ್ಲೇ ಹೇಳಿ ತೋರಿಸಿ ನಕ್ಕರು. ಕಾಯುವುದಕ್ಕಿಂತ ದೊಡ್ಡ ಔಷಧಿಯನ್ನು ತಾವು ಕಂಡಿಲ್ಲ ಎಂದು ಅವರು ನಂಬಿದ್ದರು. ಅವರ ಕಸುಬಿಗೆ ಆ ನಂಬಿಕೆ ಬಹಳ ದಿನ ಮೋಸ ಮಾಡಿರಲಿಲ್ಲ.

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಹತ್ತಿರ ನಮ್ಮ ಸೋದರತ್ತೆ ಅಯ್ಯಮ್ಮ ಊರಿನ ಹೆಂಗಸರನ್ನು ಕೂಡಿಸಿಕೊಂಡು ಸಿಮೆಂಟಿನ ತೊಟ್ಟಿಗಳಲ್ಲಿ ಮೀನುಮರಿ ಸಾಕುತ್ತಿದ್ದಳು. ದಟ್ಟವಾಗಿ ಸಾಕಿದ ಮರಿಗಳಿಗೆ ಕೊಳವೆಯಲ್ಲಿ ಗಾಳಿ ಊದುತ್ತಲೇ ಇರಬೇಕು. ಕರೆಂಟು ಹೋಗಿ ಗಾಳಿ ಪಂಪು ನಿಂತರೆ ನೀರಿನಲ್ಲಿಯೇ ಅವು ಉಸಿರು ಕಟ್ಟಿ ಸಾಯುತ್ತವೆ. ನನ್ನ ಮಾತಿನ ಮೇಲೆ ಪೀರಾ ಸಾಬರು ಮುಂಬಯಿಯಿಂದ, ಗುಜರಿಗೆ ಒಡೆದ ಹಡಗಿನ ಒಂದು ಡೀಸೆಲ್ ಜನರೇಟರನ್ನು ತಾವೇ ಆರಿಸಿ ತಂದು ಅಲ್ಲಿ ಕೂರಿಸಿದರು. ಹೊಗೆ ತೊಟ್ಟಿಗಳ ಮೇಲೆ ಬೀಳದಿರಲೆಂದು ಅದರ ಪೈಪನ್ನು ಮೇಲ್ಮುಖವಾಗಿ ನಿಲ್ಲಿಸಿದರು. ಹೊರಡುವಾಗ ಅತ್ತೆಗೆ, "ಅಮಾಸಿಗೊಮ್ಮೆ ಟ್ರ್ಯಾಕ್ಟರಿಗೆ ಪೂಜಿ ಮಾಡ್ತೀರಲ್ಲ ಯವ್ವಾ, ಅವತ್ತು ಇದನ್ನೂ ಮರೀಬ್ಯಾಡ್ರಿ. ಒಂದಿಷ್ಟು ಹೊತ್ತು ನಡಸ್ರಿ. ಹಂಗ ಕುಂತ್ರ ಜಡ್ಡು ಹಿಡೀತದ" ಎಂದರು.

ಹೋದ ವರ್ಷದ ಮುಂಗಾರಿನಲ್ಲಿ, ಮರಿಗಳನ್ನು ಕೆರೆಗಳಿಗೆ ಕಳಿಸಬೇಕೆನ್ನುವ ವಾರದಲ್ಲಿ, ಗಾಳಿಗೆ ಕಂಬಗಳು ಉರುಳಿ ಸುತ್ತಮುತ್ತಲ ಊರುಗಳಲ್ಲೆಲ್ಲ ಕರೆಂಟು ಹೋಯಿತು. ಜನರೇಟರ್ ಶುರುವಾಗಲಿಲ್ಲ. ಬಾಡಿಗೆಗೆ ಬೇರೆ ತರೋಣವೆಂದರೆ ಒಂದೂ ಖಾಲಿ ಇರಲಿಲ್ಲ. ಅತ್ತೆಯ ಮಗ ಅಂಬರೇಶ ಫೋನು ಮಾಡಿದ ಕೂಡಲೇ ಪೀರಾ ಸಾಬರು, ನಾನು ಹೊರಟೆವು.

ನಾವು ಹೋಗುವಷ್ಟರಲ್ಲಿ ಮರಿಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಹೆಂಗಸರು ಸೀರೆ ಎತ್ತಿಕಟ್ಟಿ ತೊಟ್ಟಿಗಳಿಗಿಳಿದು, ನೀರಿನಲ್ಲಿ ಒಂದಿಷ್ಟು ಗಾಳಿ ಬೆರೆಯಲೆಂದು, ಮೊರ, ಬುಟ್ಟಿ, ಬರಿಗೈಗಳಿಂದ ನೀರನ್ನು ಬಡಿಯುತ್ತಿದ್ದರು. ಸೊಂಟದ ಮಟ್ಟ ನೀರಿನಲ್ಲಿ ನಿಂತು ನೀರಿಗೆ ಹೊಡೆಯುವ ಆ ಸದ್ದು ಎದೆ ಬಡಿದುಕೊಳ್ಳುವ ಸದ್ದಿನಂತಿತ್ತು.

ಜನರೇಟರ್ ಮಾತ್ರ ಹೊಸ ಮದುಮಗನಂತೆ ಕುಳಿತಿತ್ತು. ಮೈಯೆಲ್ಲ ಹೊಳಪು, ಅರಿಸಿನ ಕುಂಕುಮ, ಬಾಡಿದ ಚೆಂಡುಹೂವಿನ ಮಾಲೆ. ಪೀರಾ ಸಾಬರು ಎಂದಿನಂತೆ ಕುಳಿತು ಕೈಯಿಟ್ಟರು.

"ಒಂದ ಅಮಾಸಿನೂ ತಪ್ಪಿಸಿಲ್ರಿ ಸಾಬ್ರೇ" ಎಂದಳು ಅಯ್ಯಮ್ಮತ್ತೆ. "ನಡಸಿದ್ರ ಹೊಗಿಗೆ ಹೂವು ಕರ್ರಗ ಆಗ್ತಾವ ಅಂತ ನಡಸೋದು ಬಿಟ್ವಿ. ಖರೆ ಪೂಜಿ ಬಿಟ್ಟಿಲ್ಲ. ಮೈ ತೊಳದು, ಮ್ಯಾಲ ಹೊಗಿ ಪೈಪಿನ ಮಸಿಬಾಯಿಗೆ ಕೊಡ ಎತ್ತಿ ನೀರು ಹಾಕಿ ಮುಕ್ಕಳಿಸಿ, ಆಮ್ಯಾಲ ಕುಂಕುಮ ಹಚ್ಚೀವಿ."

ಇಂಜಿನ್ನಿನ ಮೇಲಿದ್ದ ಅವರ ಬೆರಳುಗಳು ಬಿಗಿದುಕೊಂಡದ್ದನ್ನು ನಾನು ನೋಡಿದೆ. ಅವರಿಗೆ ಆಗಲೇ ಗೊತ್ತಾಗಿರಬೇಕು. ಆದರೂ ಅವರು ಪೈಪಿನ ಕಡೆಗೆ ಕಣ್ಣೆತ್ತಲಿಲ್ಲ. ಅಲ್ಲದ ರೋಗಗಳನ್ನೆಲ್ಲ ಮೊದಲು ಹುಡುಕಿದರು. ಬ್ಯಾಟರಿಯ ತುದಿಗಳನ್ನು ಉಜ್ಜಿದರು. ಟ್ರ್ಯಾಕ್ಟರಿನ ಬ್ಯಾಟರಿ ತರಿಸಿ ಜೋಡಿಸಿದರು. ಟಕ್ ಎಂದು ಒಂದು ಸದ್ದು, ಅಷ್ಟೇ. ಟ್ಯಾಂಕಿನ ತಳದಲ್ಲಿ ಅಂಟಾಗಿದ್ದ ಹಳೆಯ ಡೀಸೆಲನ್ನು ಇಳಿಸಿ ಹೊಸದನ್ನು ಹಾಕಿದರು. ಕೊಳವೆಯಲ್ಲಿ ಸಿಕ್ಕಿದ್ದ ಗಾಳಿಯನ್ನು ಸ್ಕ್ರೂ ಸಡಿಲಿಸಿ ಹೊರಗೆ ಬಿಟ್ಟರು. ಮತ್ತೆ ಟಕ್. ಉದ್ದನೆಯ ಕಬ್ಬಿಣದ ಸಲಾಕೆಯನ್ನು ಇಂಜಿನ್ನಿನ ಚಕ್ರಕ್ಕೆ ಹಾಕಿ ಅಂಬರೇಶನೂ ಅವರೂ ಜೋತುಬಿದ್ದರು. ಚಕ್ರ ಕದಲಲಿಲ್ಲ.

ತೊಟ್ಟಿಯಿಂದ ಮಂಜುಳಾ, ಸಂಘದ ಹೆಂಗಸರಲ್ಲಿ ಎಲ್ಲರಿಗಿಂತ ಚಿಕ್ಕವಳು, ಕೂಗಿದಳು: "ಸಾಬ್ರೇ, ಇದು ಇಂಜಿನ್ ರಿಪೇರಿನೋ, ಇಂಜಿನ್ ಜೋಡಿ ನಿಮ್ಮ ಲಗ್ನನೋ? ಲಗೂ ಮುಗಸ್ರಿ, ಕೈ ಸತ್ತಾವ!" ಯಾರೋ ನಕ್ಕರು. ಅವತ್ತು ಅಲ್ಲಿ ಕೇಳಿದ ಕೊನೆಯ ನಗು ಅದು.

ಕಡೆಗೆ ಅವರು ಡೀಸೆಲ್ ಸಿಂಪಡಿಸುವ ನಾಜಲುಗಳನ್ನು ಒಂದೊಂದಾಗಿ ಬಿಚ್ಚಿ, ಆ ತೂತಿನೊಳಗೆ ಬಟ್ಟೆ ಸುತ್ತಿದ ತಂತಿಯನ್ನು ಇಳಿಸಿದರು. ಬಟ್ಟೆ ಕೆಂಪಾಗಿ ಹೊರಗೆ ಬಂದು ತೊಟ್ಟಿಕ್ಕಿತು. ತುಕ್ಕಿನ ನೀರು.

"ನೀರು ಎಲ್ಲಿಂದ ಬಂತ್ರಿ ಒಳಗ?" ಎಂದಳು ಅತ್ತೆ. ದನಿ ಇಳಿದಿತ್ತು.

ಪೀರಾ ಸಾಬರು ಬಟ್ಟೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದರು. "ಮಳಿ ನೀರು ಯವ್ವಾ. ಹಡಗಿನ್ಯಾಗ ಹೊಗಿ ಪೈಪು ಅಡ್ಡ ಇರ್ತದ. ನಾನು ಮ್ಯಾಲಕ್ಕ ಎತ್ತಿ ನಿಲ್ಲಿಸಿದೆ, ಮುಚ್ಚಳ ಹಾಕೋದು ಮರತೆ. ನಂದ ತಪ್ಪು. ತುಕ್ಕು ಹಿಡದು ಪಿಸ್ಟನ್ ಒಳಗಿನ ಗ್ವಾಡಿಗೆ ಕಚ್ಚಿ ಕುಂತದ. ಎಣ್ಣಿ ಬಿಟ್ಟೀನಿ. ಬಿಡ್ತದ, ಖರೆ ಕಾಯಬೇಕು. ನಾಳಿ ಮಟ."

"ನಾಳಿ?" ಮಂಜುಳಾ ಬುಟ್ಟಿಯನ್ನು ನೀರಿಗೆ ಎಸೆದಳು. "ನಿಮ್ಮ ಮರವಿಗೆ ನಮ್ಮ ಮರಿ ಸಾಯಬೇಕೇನ್ರಿ?"

ಪೀರಾ ಸಾಬರು ಕೋಟನ್ನು ತೆಗೆದು ಇಂಜಿನ್ನಿನ ಮೇಲೆ ಹಾಕಿ, ತೊಟ್ಟಿಗಿಳಿದು, ಅವಳು ಎಸೆದ ಬುಟ್ಟಿಯನ್ನು ಹೆಕ್ಕಿಕೊಂಡು ನೀರನ್ನು ಬಡಿಯತೊಡಗಿದರು. ಕೋಟಿಲ್ಲದ ಅವರ ಭುಜಗಳು ಇಷ್ಟು ಸಣ್ಣವೆಂದು ನನಗೆ ಗೊತ್ತಿರಲಿಲ್ಲ. ನಾನೂ ಇಳಿದೆ. ಬಡಿಯುತ್ತ ಬಡಿಯುತ್ತ ಮನಸ್ಸಿನೊಳಗೆ ಶಿವನ ಹೆಸರು ಹೇಳಿದೆ; ಅವರ ತುಟಿಗಳೂ ಏನನ್ನೋ ಹೇಳುತ್ತಿದ್ದವು. ಹೊತ್ತು ಮುಳುಗುವ ಮುನ್ನ ಬೆಳ್ಳನೆಯ ಹೊಟ್ಟೆಗಳು ಮೇಲೆ ತೇಲಿ, ನಾವು ಎಬ್ಬಿಸಿದ ಅಲೆಗಳ ಜೊತೆ ನಮ್ಮ ಸೊಂಟಕ್ಕೇ ಬಂದು ತಾಗತೊಡಗಿದವು. ಮೊದಲು ಅಯ್ಯಮ್ಮತ್ತೆ ಕೈ ನಿಲ್ಲಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

ಮರುದಿನ ಮಧ್ಯಾಹ್ನ ಚಕ್ರ ಕದಲಿತು. ಇಂಜಿನ್ ಒಮ್ಮೆ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಶುರುವಾಯಿತು. ತೊಟ್ಟಿಗಳಲ್ಲಿ ಗಾಳಿ ಗುಳುಗುಳು ಎದ್ದಿತು. ನಿಂಬೆ ಗಿಡಗಳ ಸಾಲಿನಲ್ಲಿ ಗುಂಡಿ ತೋಡಿ ಮೀನುಗಳನ್ನು ಮುಚ್ಚುತ್ತಿದ್ದ ಹೆಂಗಸರಲ್ಲಿ ಯಾರೂ ತಿರುಗಿ ನೋಡಲಿಲ್ಲ.

"ಬಂದ್ ಮಾಡ್ರಿ ಸಾಬ್ರೇ" ಎಂದಳು ಅತ್ತೆ. "ಯಾರಿಗೆ ಈ ಗಾಳಿ?"

ಆ ತೊಟ್ಟಿಗಳಿಗೆ ಮತ್ತೆ ಮರಿ ಬರಲಿಲ್ಲ, ಸಂಘ ಚದುರಿತು. ಪೀರಾ ಸಾಬರು ಅಂಗಡಿ ಮುಚ್ಚಿ ಮಾನ್ವಿಗೆ ಹೋದರು. ಈಚೆಗೆ ಹೋಗಿ ನೋಡಿದೆ. ಅವರ ಹೆಂಡತಿ ಮುನವ್ವರ್ ಬೀ ಬಾಗಿಲಲ್ಲೇ, "ಮನ್ಯಾಗ ಫ್ಯಾನು ನಿಂತ್ರೂ ತಲಿ ಎತ್ತಿ ನೋಡವಲ್ರು ನೋಡ್ರಿ" ಎಂದರು. ಚಹಾ ಕುಡಿಯುವಾಗ ನಾನು ಮೆಲ್ಲಗೆ ಕೇಳಿದೆ: ಅದು ಮಳೆಯ ನೀರೇ ಆಗಿತ್ತೆ, ಇಲ್ಲಾ ಅತ್ತೆ ಕೊಡದಿಂದ ಹಾಕಿದ್ದೆ?

ಪೀರಾ ಸಾಬರು ಚಹಾದ ಲೋಟವನ್ನು ಕೆಳಗಿಟ್ಟು ಹೇಳಿದರು: "ಅಮಾಸಿಗೊಮ್ಮೆ ನೋಡಿಕೋರಿ ಅಂತ ಹೇಳಿದಾವ ನಾನ. ಅಕಿ ನೋಡಿಕೊಂಡಾಳ ತಂಗೆವ್ವ."

ಅಯ್ಯಮ್ಮತ್ತೆ ಇಂದಿಗೂ ಅವರನ್ನು ಬೈಯುತ್ತಾಳೆ. ಬೈಯಲು ಒಬ್ಬರಿರುವುದರಿಂದಲೇ ಅವಳಿಗೆ ರಾತ್ರಿ ನಿದ್ದೆ ಬರುತ್ತದೆ. ನಾನು ಬಾಯಿ ಬಿಡುವುದಿಲ್ಲ. ಇಂಥವರನ್ನು ನಾವು ಕರೆಯುವುದೇ ಎಲ್ಲವೂ ನಿಂತ ಮೇಲೆ. ನಡೆಯುವ ಕಾಲದಲ್ಲಿ ಯಾರಿಗೂ ಅವರ ನೆನಪಾಗುವುದಿಲ್ಲ, ಹಾಗಾಗಿ ಅವರು ಎಷ್ಟು ಬೇಗ ಬಂದರೂ ತಡವಾಗಿಯೇ ಬಂದಿರುತ್ತಾರೆ. ಬಂದು, ನಮ್ಮ ಕೈಗಳು ಪ್ರೀತಿಯಿಂದಲೇ ಮಾಡಿಟ್ಟ ಕೇಡನ್ನು ಒಳಗೆ ಕಾಣುತ್ತಾರೆ, ಕಂಡದ್ದನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾರೆ. ಕಬ್ಬಿಣದ ತುಕ್ಕನ್ನು ಬಿಡಿಸಬಲ್ಲವರು ಅವರು. ಆ ಮುಷ್ಟಿಯನ್ನು ಬಿಡಿಸುವವರನ್ನು ದೇವರು ಎಲ್ಲಿಟ್ಟಿದ್ದಾನೋ, ನಾನಂತೂ ಇನ್ನೂ ಕಂಡಿಲ್ಲ.