ಡ್ರಾಯರಿನ ಅಜ್ಜ

ನಮ್ಮ ಕಾರ್ ಸರ್ವಿಸ್ ಸೆಂಟರಿನಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವನು ಅಜ್ಜ. ಮನುಷ್ಯನಲ್ಲ, ನನ್ನ ಮೇಜಿನ ಡ್ರಾಯರಿನಲ್ಲಿ ಮಲಗಿದ್ದ ಒಂದು ಹಳೆಯ ಏರ್ ಫಿಲ್ಟರ್. ಯಾವ ಗಾಡಿಯಿಂದ ಬಿಚ್ಚಿದ್ದೋ ದೇವರಿಗೇ ಗೊತ್ತು. ಮಡಿಕೆ ಮಡಿಕೆಯಲ್ಲೂ ಕರಿ ಧೂಳು, ನಡುವೆ ಒಂದು ಒಣಗಿದ ಎಲೆ, ಒಂದು ಸತ್ತ ಜಿರಳೆ. ಯಾರ ಕಾರು ಬಂದರೂ ಹತ್ತು ನಿಮಿಷ ಒಳಗೆ ಸುಮ್ಮನೆ ನಿಂತಿದ್ದು, ಆಮೇಲೆ ಅಜ್ಜನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬರುವುದು ನನ್ನ ಉದ್ಯೋಗ. ನಿಮ್ಮ ಗಾಡಿ ಉಸಿರಾಡುತ್ತಿರುವುದು ಇದರಲ್ಲಿ ಎಂದರೆ ಸಾಕು. ಜಿರಳೆಯ ಮುಖ ನೋಡಿದ ಮೇಲೆ ಹೊಸದು ಬೇಡ ಎಂದವರನ್ನು ನಾನು ಕಂಡಿಲ್ಲ.

ಹಳೆಯದನ್ನು ಮನೆಗೆ ಕೊಡಿ ಎಂದು ಕೇಳಿದವರೂ ಮೂರು ವರ್ಷದಲ್ಲಿ ಒಬ್ಬರಿಲ್ಲ, ನನ್ನ ಸೋದರತ್ತೆ ಬರುವ ತನಕ.

ಅತ್ತೆ ಎಂದರೆ ಹೊಲಿಗೆ ಯಂತ್ರ ತುಳಿದು ನನ್ನನ್ನು ಸಾಕಿದವಳು. ಅಂಗೈ ಅಗಲದ ಚಿಂದಿಯನ್ನೂ ಎಸೆಯದ ಜೀವ. ನನ್ನ ಮಾತನ್ನು ಮರುಪ್ರಶ್ನೆ ಇಲ್ಲದೆ ನಂಬುವವರು ಈ ಪ್ರಪಂಚದಲ್ಲಿ ಅವಳೊಬ್ಬಳೇ. ಮನೆ ಪಕ್ಕದ ಗ್ಯಾರೇಜ್ ಬಿಟ್ಟು ಅಷ್ಟು ದೂರ ಬಂದದ್ದೂ ಅದಕ್ಕೇ. ಅವಳಿಗೆ ಅಜ್ಜನನ್ನು ತೋರಿಸಬಾರದಿತ್ತು. ಆದರೆ ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದರು, ತಿಂಗಳ ಟಾರ್ಗೆಟ್ ಬಾಕಿಯಿತ್ತು. ತೋರಿಸಿದೆ. ಅವಳು ಜಿರಳೆಯ ಕಡೆ ನೋಡಲೂ ಇಲ್ಲ. ನೀನು ಹೇಳಿದ ಮೇಲೆ ಮುಗಿಯಿತು, ಹಾಕಿಸು ಎಂದಳು.

ಹೊರಡುವಾಗ ಅಜ್ಜನನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಡಿಕ್ಕಿಯಲ್ಲಿಟ್ಟುಕೊಂಡಳು. ತೊಳೆದಿಟ್ಟರೆ ಮುಂದಿನ ಸಲಕ್ಕೆ ಆಗುತ್ತದಂತೆ. ಅದು ನಿನ್ನದಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಡಿಕ್ಕಿಯ ಬಾಗಿಲನ್ನು ನಾನೇ ಮುಚ್ಚಿದೆ.

ಅಜ್ಜನಿಲ್ಲದ ಎರಡು ದಿನ ನಮ್ಮ ವ್ಯಾಪಾರ ಮಲಗಿಬಿಟ್ಟಿತು. ಬರೀ ಬಾಯಿಮಾತಿಗೆ ಯಾರೂ ಕರಗಲಿಲ್ಲ. ಮೂರನೆಯ ದಿನ ಮ್ಯಾನೇಜರ್ ಕರೆದು, ಹೋಗಿ ಅಜ್ಜನನ್ನು ಹೇಗಾದರೂ ಕರೆದುಕೊಂಡು ಬಾ ಎಂದು ಅಪ್ಪಣೆ ಮಾಡಿದರು.

ಊಟದ ಬಿಡುವಿನಲ್ಲಿ ಹೋದರೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದಾಳೆ. ಒಳಗೆ ಹೊಲಿಗೆ ಯಂತ್ರದ ಮೇಲೆ ಅಜ್ಜ! ಎಲೆಯಿಲ್ಲ, ಜಿರಳೆಯಿಲ್ಲ, ಗುರುತೇ ಸಿಗದಷ್ಟು ಬೆಳ್ಳಗಾಗಿದ್ದ. ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಮಡಿಕೆ ತಿಕ್ಕಿದ್ದಾಳೆ. ಒಣಗಿಸಿ, ಸರಿಹೊಂದುತ್ತದೋ ಇಲ್ಲವೋ ಎಂದು ಕಾರಿನ ಬಾನೆಟ್ ಎತ್ತಿ, ಟೇಪು ಹಿಡಿದು ಅಳೆದಿದ್ದಾಳೆ.

"ನಾಲ್ಕು ಇಂಚು ಜಾಸ್ತಿ ಉದ್ದ ಕಣೋ. ನಲವತ್ತು ವರ್ಷ ಅಳತೆ ತಗೊಂಡವಳಿಗೆ ಗೊತ್ತಾಗಲ್ವಾ? ಇದು ನನ್ನ ಕಾರಿಂದೇ ಅಲ್ಲ. ಒಳಗಿರೋ ಕಳ್ಳರು ಯಾರದ್ದೋ ತಂದು ನಿನ್ನ ಕೈಗೆ ಕೊಟ್ಟಿದಾರೆ. ಪಾಪ, ನೀನೂ ನಂಬಿಬಿಟ್ಟೆ. ನಡಿ, ಆ ಮ್ಯಾನೇಜರ್ ಗ್ರಹಚಾರ ಬಿಡಿಸ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. ಹೌದತ್ತೆ, ನನಗೂ ಮೋಸ ಮಾಡಿದರು ಎಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ನನ್ನ ಪರವಾಗಿ ಜಗಳವಾಡಲು ಸೆರಗು ಬಿಗಿದು ನಿಂತವಳ ಮುಖ ನೋಡಿ ಅದನ್ನು ನುಂಗಿಕೊಂಡೆ.

"ಒಳಗಿನವರಲ್ಲ ಅತ್ತೆ. ನಾನೇ."

ಅತ್ತೆ ಚಪ್ಪಲಿಗಳನ್ನು ಒಂದೊಂದಾಗಿ ಬಿಟ್ಟು ಗೋಡೆಯ ಪಕ್ಕ ಜೋಡಿಸಿದಳು.

"ಹಾಗಾದ್ರೆ ಅಲ್ಲಿಗೆ ಹೋಗೋ ಕೆಲಸ ಇಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊರಡುವಾಗ ಅಜ್ಜನನ್ನು ತಂದು ನನ್ನ ಕೈಗಿಟ್ಟಳು. "ತಗೊಂಡು ಹೋಗು. ಇನ್ಮೇಲೆ ಇದನ್ನೇ ತೋರಿಸು."

ಅಜ್ಜ ಬಂದನಾ ಎಂದು ಮ್ಯಾನೇಜರ್ ಓಡಿ ಬಂದರು. ಗಿರಾಕಿಗಳು ನೋಡುತ್ತಿರುವಾಗಲೇ ಮೇಜಿನ ಮೇಲಿಟ್ಟೆ.

"ಬಂದ ಸಾರ್. ಸ್ನಾನ ಮಾಡ್ಕೊಂಡು ಬಂದಿದಾನೆ."

ಅವರು ಇಂಗು ತಿಂದ ಮಂಗನಂತೆ ನಿಂತರು. ನಾನು ಮುಂದೆ ಕೂತಿದ್ದವರ ಕಡೆ ತಿರುಗಿ, ನಿಮ್ಮ ಫಿಲ್ಟರ್ ಚೆನ್ನಾಗಿದೆ, ಇನ್ನೊಂದು ವರ್ಷ ಬರುತ್ತದೆ ಎಂದೆ. ಸಂಜೆಯೊಳಗೆ ನನ್ನನ್ನು ಮೇಜಿನಿಂದ ಎಬ್ಬಿಸಿ ಕಾರು ತೊಳೆಯುವ ಕಡೆಗೆ ಹಾಕಿದರು. ಅಜ್ಜನ ಗತಿಯೇ ನನಗೂ ಆಯಿತು, ನೀರಲ್ಲೇ ಬದುಕು.

ಮುಂದಿನ ಸರ್ವಿಸಿಗೆ ಅತ್ತೆ ಮತ್ತೆ ಬಂದಳು. ಮನೆ ಪಕ್ಕದ ಗ್ಯಾರೇಜಿಗೆ ಹೋಗದೆ ನನ್ನ ಹತ್ತಿರವೇ ಬಂದಳಲ್ಲ ಎಂದು ನನಗೆ ಹಿಗ್ಗು. ಒದ್ದೆ ಕೈಯಲ್ಲೇ ಬಾನೆಟ್ ಎತ್ತಿ ನೋಡಿ, ಎಲ್ಲ ಸರಿಯಿದೆ ಅತ್ತೆ, ಏನೂ ಬದಲಾಯಿಸಬೇಕಿಲ್ಲ ಎಂದೆ.

ಹೌದಾ ಎಂದಳು. ಆಮೇಲೆ ಚೀಲಕ್ಕೆ ಕೈಹಾಕಿ ಟೇಪು ತೆಗೆದಳು.