ನೊರೆ ಆರುವ ಹೊತ್ತು

"ಬನ್ನಿ ಟೈಲರ್ ಸಾಹೇಬ್ರೇ, ಈ ಕುರ್ಚಿ ಖಾಲಿ ಇದೆ," ಎಂದು ಅಣ್ಣ ಬಿಳಿ ಬಟ್ಟೆ ಕೊಡವಿದ.

ಟೈಲರು ಬೆಂಚಿನಿಂದ ಏಳಲಿಲ್ಲ. "ಇರ್ಲಿ ಬಿಡಪ್ಪಾ. ನನ್ನ ಗಡ್ಡಕ್ಕೇನು ರೈಲು ಹಿಡಿಯೋದಿದೆಯಾ? ನಿನ್ನ ತಮ್ಮ ಮುಗಿಸ್ಲಿ, ಕಾಯ್ತೀನಿ."

ಪಕ್ಕದ ಕುರ್ಚಿಯ ಹಿಂದೆ ತಮ್ಮನ ಕತ್ತರಿ ಒಂದು ಗಳಿಗೆ ನಿಂತು, ಮತ್ತೆ ಕಚಕಚ ಎಂದಿತು. ಅಣ್ಣ ಬಟ್ಟೆ ಮಡಿಸಿಟ್ಟು ಪೊರಕೆ ಹಿಡಿದ. ಇಬ್ಬರೂ ಸೇರಿ ಕಟ್ಟಿದ ಕ್ಷೌರದಂಗಡಿಯಲ್ಲಿ ಈಗ ಅವನ ಪಾಲಿಗೆ ಉಳಿದದ್ದು ಉದುರಿದ ಕೂದಲು ಗುಡಿಸುವುದು, ನೀರು ಕಾಯಿಸುವುದು. ಟೈಲರ ಕಿವಿಯ ಕೆಳಗಿನ ಗಾಯದ ಗೆರೆ ಅಣ್ಣನದೇ ಕೈಯದು.

ಆ ದಿನಗಳಲ್ಲಿ ಅಣ್ಣನ ಬಲಗೈ ಇದ್ದಕ್ಕಿದ್ದಂತೆ ಎಗರುತ್ತಿತ್ತು. ಜೊತೆಗೇ ಬಲಗೆನ್ನೆ ಸೊಟ್ಟಗಾಗುತ್ತಿತ್ತು. ರೆಪ್ಪೆ ಬಡಿಯುವಷ್ಟರಲ್ಲಿ ಎಲ್ಲ ಸರಿ. ದಿನಕ್ಕೆ ಎಷ್ಟು ಸಲವೋ. "ಯಾರನ್ನಪ್ಪಾ ಅಣಕಿಸ್ತಿದೀಯ?" ಎಂದು ಗಿರಾಕಿಗಳು ನಗುತ್ತಿದ್ದರು. ಟೈಲರಿಗೆ ರಕ್ತ ಬಂದ ದಿನ ಯಾರೂ ನಗಲಿಲ್ಲ. ತುಂಬಿದ ಅಂಗಡಿಯಲ್ಲಿ ತಮ್ಮ ಹತ್ತಿರ ಬಂದು ಅಣ್ಣನ ಬಾಯಿ ಮೂಸಿ ನೋಡಿದ್ದ.

ಅದು ಕುಡಿತವಲ್ಲವೆಂದು ಗೊತ್ತಾದದ್ದು ರಕ್ತಪರೀಕ್ಷೆಯಾದ ಮೇಲೆ. "ಇದೂ ಮೂರ್ಛೆರೋಗದ್ದೇ ಒಂದು ಬಗೆ," ಎಂದಿದ್ದರು ಡಾಕ್ಟರಮ್ಮ. "ರೋಗದ ಜೊತೆ ಹೋರಾಡೋಕೆ ಮೈ ತಾನೇ ಪ್ರತಿಕಾಯಗಳನ್ನ ತಯಾರು ಮಾಡುತ್ತೆ. ನಿಮ್ಮಲ್ಲಿ ಅವು ದಾರಿ ತಪ್ಪಿ ಮಿದುಳಿನ ಮೇಲೇ ಬಿದ್ದಿವೆ. ಬರೀ ಫಿಟ್ಸ್ ಮಾತ್ರೆ ಸಾಲಲ್ಲ, ಅವನ್ನ ಅಡಗಿಸ್ಬೇಕು."

"ಅಂದ್ರೆ ಕಾವಲುಗಾರನೇ ಮನೆಗೆ ಕನ್ನ ಹಾಕ್ದ," ಎಂದಿದ್ದ ತಮ್ಮ. ಬಾಯಿ ಮೂಸಿದ ಮಾತನ್ನು ಮಾತ್ರ ಎತ್ತಲಿಲ್ಲ.

ಔಷಧಿ ಹಿಡಿಯಿತು. ಕೈ ಎಗರದೆ ತಿಂಗಳುಗಳೇ ಆದವು. ಇನ್ನು ಕತ್ತಿ ಹಿಡಿಯಬಹುದೆಂದು ಡಾಕ್ಟರಮ್ಮ ಹೇಳಿದ್ದೂ ಆಯಿತು. ಅದನ್ನು ಗಿರಾಕಿಗಳ ಕೆನ್ನೆಗೆ ಹೇಳುವವರು ಯಾರು?

ಗಡ್ಡ ಮಾಡಿಸಿಕೊಂಡು ಟೈಲರು ಹೋದರು, ಅಂಗಡಿ ಖಾಲಿಯಾಯಿತು. ತಮ್ಮ ಡ್ರಾಯರಿನ ಬೀಗ ತೆಗೆದು ಅಣ್ಣನ ಕತ್ತಿಯನ್ನು ಕನ್ನಡಿಯ ಕೆಳಗಿಟ್ಟ. ಬಂದು ಅಣ್ಣನ ಕುರ್ಚಿಯಲ್ಲೇ ಕೂತು ಗದ್ದ ಎತ್ತಿದ.

"ಮಾಡು. ನಾನೇ ಕೆರ್ಕೊಂಡು ಕೆರ್ಕೊಂಡು ಕೆನ್ನೆ ಉತ್ತ ಹೊಲ ಆಗಿದೆ."

ಅಣ್ಣ ಬ್ರಷ್ ತಿರುಗಿಸಿ ತಿರುಗಿಸಿ ನೊರೆ ಎಬ್ಬಿಸಿದ. ಕೆನ್ನೆ ತುಂಬ ಹಚ್ಚಿ ಕತ್ತಿ ಬಿಚ್ಚಿದ. ಮೀಸೆ ಚಿಗುರಿದ ದಿನದಿಂದಲೂ ಅಣ್ಣನ ಕೈಗೆ ಮುಖ ಕೊಟ್ಟನೆಂದರೆ ತಮ್ಮ ಕಣ್ಣು ಮುಚ್ಚುತ್ತಿದ್ದ, ಅರ್ಧಕ್ಕೇ ಗೊರಕೆ. ಈಗ ಕನ್ನಡಿಯಲ್ಲಿ ಅವನ ಕಣ್ಣು ತೆರೆದೇ ಇತ್ತು.

"ಕಣ್ಣು ಮುಚ್ಕೊಳೋ."

"ನಿದ್ದೆ ಬರ್ತಿಲ್ಲಣ್ಣಾ. ನೀನು ಮಾಡು."

ತಮ್ಮ ನೋಡುತ್ತಿದ್ದದ್ದು ಆ ಕೈಯನ್ನು. ತಾನೂ ಅದನ್ನೇ ನೋಡುತ್ತಿದ್ದೇನೆಂದು ಅಣ್ಣನಿಗೆ ಆಮೇಲೆ ತಿಳಿಯಿತು. ಕತ್ತಿ ಕೆನ್ನೆಯಿಂದ ಬೆರಳಗಲ ದೂರದಲ್ಲಿ ಅಲುಗದೆ ನಿಂತಿತ್ತು. ನೊರೆಯ ಗುಳ್ಳೆಗಳು ಸಣ್ಣಗೆ ಒಡೆಯುತ್ತ, ತಮ್ಮನ ಕಿವಿಯ ಬಳಿಯಿಂದ ಒಂದೊಂದೇ ಆರುತ್ತ ಬಂದವು.