ಎಡಗಡೆಯ ಮೀಟರ್

ಸೋಮವಾರ ಬೆಳಿಗ್ಗೆ ಲೈನ್‌ಮನ್ ಮಲಕಪ್ಪ ಬಾಜೂಕಿನ ಬೀಗ ಹಾಕಿದ ಮನೆಯ ಕರೆಂಟ್ ಕತ್ತರಿಸಿದ. ಆರಿದ್ದು ನಮ್ಮ ಮನೆ. ಅವ್ವನ ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಅರ್ಧಕ್ಕೇ ನಿಂತಿತು, ನನ್ನ ಮೊಬೈಲ್ ಹನ್ನೊಂದು ಪರ್ಸೆಂಟಿಗೆ ನಿಂತಿತು.

"ನಾ ಪ್ರಭು ಅಣ್ಣಾರ ಮನೀದು ತಗದೇನ್ರಿ, ನಿಮ್ದಲ್ಲ!" ಎಂದ ಮಲಕಪ್ಪ.

"ಮತ್ತ ನಮ್ಮನ್ಯಾಗ ಯಾಕ ಕತ್ತಲಿ? ನಮಗ ತಿಂಗಳಾ ಝೀರೋ ಬಿಲ್ ಬರ್ತತಿ!" ಅಪ್ಪ ಬಿಲ್ಲುಗಳ ಕಟ್ಟನ್ನೇ ತಂದರು. ಯಾರಾದರೂ ಫ್ಯಾನು ಬಿಟ್ಟು ಎದ್ದರೆ ಊರೇ ಕೇಳುವಂತೆ ಬೈಯುವ ಅಪ್ಪನಿಗೆ ಆ ಸೊನ್ನೆ ಎಂದರೆ ಚಿನ್ನದ ಪದಕ.

ನಾನು ಬಿಲ್ ನೋಡಿದೆ. ಒಂದು ವರ್ಷದಿಂದ ಸುಟ್ಟ ಯೂನಿಟ್ಟೂ ಸೊನ್ನೆ. ಫ್ರಿಜ್, ಟಿವಿ ಇರುವ ಮನೆಯಲ್ಲಿ!

"ಅಪ್ಪಾ, ಇದು ನಮ್ಮ ಮೀಟರಲ್ಲ. ಪ್ರಭು ಕಾಕಾಂದು."

ಅವ್ವ ಅಪ್ಪನ ಮುಖ ನೋಡಿದಳು. ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಆಡದ ಶಬ್ದ ಅದು.

ಮೂರು ವರ್ಷದ ಹಿಂದೆ, ಇದೇ ಶಲವಡಿಯ ಹಿರಿಯರು ಅಂಗಳದಲ್ಲಿ ಕುಳಿತು ನಮ್ಮ ಮನೆಯನ್ನು ಎರಡು ಮಾಡಿದರು. ಹಂಡೆ, ಪರಾತ, ಒರಳು, ಎಲ್ಲ ಎಣಿಸಿದರು. ಮುಂದಿನ ಗೋಡೆಯ ಎರಡು ಮೀಟರ್ ನೋಡಿ, ಎಡಗಡೆಯದು ಅಣ್ಣನಾದ ಅಪ್ಪನಿಗೆ, ಬಲಗಡೆಯದು ತಮ್ಮನಾದ ಕಾಕಾನಿಗೆ ಎಂದರು. ಒಳಗೆ ಎಡಗಡೆಯ ವಾಯರ್ ಕಾಕಾನ ಮನೆಗೆ, ಬಲಗಡೆಯದು ನಮ್ಮ ಮನೆಗೆ ಅಡ್ಡಡ್ಡ ಹೋಗಿದ್ದನ್ನು ಯಾರೂ ನೋಡಲಿಲ್ಲ. ಸರಕಾರದ ಪುಕ್ಕಟೆ ಕರೆಂಟಿನ ಸವಲತ್ತಿನಿಂದ ಇಬ್ಬರಿಗೂ ಸೊನ್ನೆ ಬಿಲ್ ಬರುತ್ತಿದ್ದಾಗ ಯಾರಿಗೂ ತಿಳಿಯಲಿಲ್ಲ. ಹೋದ ವರ್ಷ ಕಾಕಾ ಕಲಘಟಗಿಗೆ ಹೋಗಿ, ಆ ಸವಲತ್ತನ್ನು ಅಲ್ಲಿಯ ಬಾಡಿಗೆ ಮನೆಗೆ ಬದಲಿಸಿಕೊಂಡರು. ಅಂದಿನಿಂದ ನಾವು ಸುಟ್ಟ ಕರೆಂಟಿನ ಬಿಲ್ಲು ಕಾಕಾನ ಹೆಸರಿನಲ್ಲಿ, ಬೀಗ ಹಾಕಿದ ಬಾಗಿಲಿನ ಸಂದಿಯಲ್ಲಿ ಬೀಳುತ್ತಿತ್ತು.

ಅವರ ಜೊತೆ ನಂದಾಳೂ ಹೋದಳು. ಕಾಕಾನ ಮಗಳು, ನನಗಿಂತ ಎಂಟು ತಿಂಗಳು ದೊಡ್ಡವಳು. ಮಾಳಿಗೆಯ ಮೇಲೆ ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು ನಾವು. ಈಗ ಮಾಳಿಗೆಯ ಮೇಲೂ ಗೋಡೆ. ಅವಳ ನಂಬರ್ ಬದಲಾಗಿದೆ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಹೊಸ ನಂಬರ್ ಕೇಳಲು ಮನೆಯಲ್ಲಿ ಯಾರ ಮುಂದೆಯೂ ಬಾಯಿ ತೆರೆಯುವಂತಿರಲಿಲ್ಲ.

ಅಪ್ಪನ ಜೊತೆ ಕರೆಂಟ್ ಆಫೀಸಿಗೆ ಹೋದೆ. ದಿನಕರ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

"ನೋಟಿಸ್ ಕೊಟ್ಟೇವಿ."

"ಯಾರ ಕೈಯಾಗ್ರಿ? ಬಾಕಿ ಇದ್ರೂ ಹದಿನೈದು ದಿನ ಮೊದಲ ಬರದು ತಿಳಸಬೇಕಂತ ಕಾಯ್ದೆ ಐತ್ರಿ. ಬೀಗ ಹಾಕಿದ ಬಾಗಲಕ್ಕ ಕೊಟ್ರ ನಮಗ ಕೊಟ್ಟಂಗೇನ್ರಿ?" ಎಂದೆ ನಾನು.

"ಯಾವ ಕಾಲೇಜವಾ ನಿಂದು?"

"ಬಿ.ಎ. ಎರಡನೇ ವರ್ಷರಿ. ಇದು ಸಿಲಬಸ್‌ನ್ಯಾಗಿಲ್ರಿ, ಬಸ್ಸಿನ್ಯಾಗ ಕುಂತು ಮೊಬೈಲ್‌ನ್ಯಾಗ ಓದಿದೆ."

ಸಾಹೇಬರಿಗೆ ನಗು ಬಂತು. "ಆ ನೋಟಿಸ್ ಬೀಗದ ಮನ್ಯಾಗ ಬಿದ್ದಿದ್ರ ತೋರಸ್ರಿ. ಇವತ್ತ ಜೋಡಿಸಿ ಕೊಡತೇನಿ, ಬಾಕಿ ತುಂಬಾಕ ವ್ಯಾಳ್ಯಾನೂ ಕೊಡತೇನಿ."

ಬೀಗದ ಕೈ ಕಾಕಾನ ಹತ್ತಿರ. ಅಪ್ಪ ಆಫೀಸಿನ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ನಿಂತು ಫೋನ್ ಮಾಡಿದರು. "ಪ್ರಭೂ... ನಾನೋ," ಎಂದು ಆ ಕಡೆ ತಿರುಗಿದರು.

ಮಧ್ಯಾಹ್ನದ ಬಸ್ಸಿಗೆ ಕಾಕಾ ಬಂದರು. ನಾನು ಅವರ ಹಿಂದೆ ನೋಡಿದೆ. ಒಂದು ಮುದುಕಿ, ಒಂದು ಕೋಳಿ ಬುಟ್ಟಿ ಇಳಿದವು. ಬಸ್ಸು ಹೋಯಿತು.

"ಏನ್ಬೇ ನೇತ್ರಿ, ಕಟ್ಟಿಗಿ ಆಗೀಯಲ್ಲ! ರೊಟ್ಟಿ ತಿಂತೀಯೋ ಮೊಬೈಲ್ ತಿಂತೀಯೋ?" ಎಂದರು ನನಗೆ.

"ನಂದಾ ಬರಲಿಲ್ಲನ ಕಾಕಾ?"

"ಅಕೀದು ನರ್ಸಿಂಗ್ ಪರೀಕ್ಷಾ ನಡದೈತಿ."

ಬಾಗಿಲು ತೆರೆದಾಗ ಬಿಲ್ಲುಗಳ ಗುಡ್ಡೆಯ ಮೇಲೆ ನೋಟಿಸು ಬಿದ್ದಿತ್ತು. ಒಳಗೆ ಗೂಟದಲ್ಲಿ ನಂದಾಳ ಹಳೆಯ ವೇಲು ಧೂಳು ಹಿಡಿದು ತೂಗುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ.

"ಹಿರೇರು ಚಮಚಾ ಸೈತ ಎಣಸಿದ್ರು, ವಾಯರ್ ನೋಡ್ಲಿಲ್ಲ," ಎಂದರು ಕಾಕಾ, ಗೋಡೆಗೆ ಹೇಳಿದಂತೆ.

"ಚಾ ಕುಡದ ಹೋಗು," ಎಂದರು ಅಪ್ಪ, ಅದೇ ಗೋಡೆಗೆ.

ಸಂಜೆಗೆ ಕರೆಂಟ್ ಬಂತು. ಇನ್ನು ಇಬ್ಬರೂ ಸಹಿ ಮಾಡಿ ಒಂದು ಅರ್ಜಿ ಕೊಟ್ಟರೆ ಮೀಟರುಗಳ ಹೆಸರು ಸರಿಯಾಗುತ್ತದೆ, ಆಮೇಲೆ ಒಬ್ಬರ ಗೊಡವೆ ಒಬ್ಬರಿಗಿಲ್ಲ ಎಂದು ಸಾಹೇಬರು ಹೇಳಿದ್ದರು. ಹೋಗುವಾಗ ಕಾಕಾ ಬೀಗದ ಕೈ ನನಗೇ ಕೊಟ್ಟರು.

"ಅಲ್ಲೀತನಕ ನಿಮ್ಮ ಮೀಟರ್ ನನ್ನ ಹೆಸರಿನ್ಯಾಗ ಇರತೈತಿ. ಬಿಲ್ ಬಂದಕೂಡ್ಲೆ ಫೋಟೋ ಹಾಕು. ನನ್ನ ಫೋನಿಗೆ ಫೋಟೋ ಬರೂದಿಲ್ಲ, ನಂದಾನ ನಂಬರ್ ಬರ್ಕೋ."

ಹತ್ತೂ ಅಂಕಿ ಬರೆದುಕೊಂಡೆ. ಎರಡು ಸಲ ಓದಿ ಹೇಳಿದೆ.

ನಾಲ್ಕು ದಿನದ ಮೇಲೆ ಬಿಲ್ ಬಿತ್ತು. ಫೋಟೋದ ಕೆಳಗೆ 'ಹೆಂಗದಿ' ಎಂದು ಬರೆದೆ, ಅಳಿಸಿದೆ. 'ಮಾಳಿಗಿ ಮ್ಯಾಲ ಒಬ್ಬಾಕಿನ ಮಲಗತೇನಿ' ಎಂದು ಬರೆದೆ, ಅದನ್ನೂ ಅಳಿಸಿದೆ. ಬರೀ ಬಿಲ್ ಕಳಿಸಿದೆ.

ಅರ್ಧ ತಾಸಿಗೆ ಉತ್ತರ ಬಂತು: 'ಇಷ್ಟ್ಯಾಕ ಯೂನಿಟ್ ಸುಟ್ಟೀಯಲೇ? ಓದಾಕಂತೂ ಸುಟ್ಟಿರಾಕಿಲ್ಲ!'

ನಾನು ಅದನ್ನು ಎಷ್ಟು ಸಲ ಓದಿದೆನೋ.

"ನೇತ್ರಾ, ಆ ಅರ್ಜಿ ಬರದೀಯೇನ?" ಅಪ್ಪ ಒಳಗಿಂದ ಕೇಳಿದರು.

"ಬರದೇನಪಾ, ಒಂಚೂರು ಉಳದೈತಿ."

ಅರ್ಜಿ ನನ್ನ ಮೊಬೈಲಿನಲ್ಲಿ ಪೂರ್ತಿ ತಯಾರಿತ್ತು. ದಿನಾಂಕದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೆ.